ಅಳತೆ ಕುಗ್ಗುತ್ತದೆ, ಗಾಳಿ ಕುಗ್ಗುವುದಿಲ್ಲ

ಪಿಎಸ್‌ಎಲ್‌ವಿ ರಾಕೆಟ್ಟಿನ ಎತ್ತರ ಸುಮಾರು 44 ಮೀಟರ್, ಅದರ ನಡುಭಾಗದ ವ್ಯಾಸ 2.8 ಮೀಟರ್. ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಅದು 44 ಸೆಂಟಿಮೀಟರ್ ಉದ್ದದ, 28 ಮಿಲಿಮೀಟರ್ ದಪ್ಪದ ಕಾಗದದ ಕೊಳವೆಯಾಗುತ್ತದೆ. ಕಾಸರಗೋಡಿನ ಕುಂಬಳೆ, ಮಂಜೇಶ್ವರ ಉಪಜಿಲ್ಲೆಗಳ ಶಾಸ್ತ್ರಮೇಳಗಳಲ್ಲಿ (ಶಾಲಾ ವಿಜ್ಞಾನ ಮೇಳಗಳಲ್ಲಿ) ಮೇಜಿನ ಮೇಲೆ ನಿಲ್ಲಿಸಲು ಇಂಥದೊಂದು ಮಾದರಿ ಸಾಕು. ನೋಡಲು ಹಾರುವ ಮಾದರಿಯೂ ಹಾಗೆಯೇ ಇರುತ್ತದೆ. ಆದರೆ ಮೇಜಿನ ಮೇಲಿನದಕ್ಕೆ ಮೋಟಾರು ಸಿಕ್ಕಿಸಿ ಹಾರಿಸಿದರೆ ಅದು ಉಡಾವಣೆಯ ಕಂಬಿಯನ್ನು ಬಿಟ್ಟ ಮರುಕ್ಷಣವೇ ಲಾಗ ಹಾಕಿ, ನೋಡುತ್ತ ನಿಂತವರ ಕಡೆಗೇ ನುಗ್ಗೀತು. ಆಕಾರವನ್ನು ಎಷ್ಟು ಪಾಲು ಬೇಕಾದರೂ ಕುಗ್ಗಿಸಬಹುದು. ಅದು ತೂರಿಹೋಗಬೇಕಾದ ಗಾಳಿ ಮಾತ್ರ ಮೊದಲಿನಂತೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ನಿಜವಾದ ರಾಕೆಟ್ಟನ್ನು ದಾರಿಯಲ್ಲಿಡುವ ಏರ್ಪಾಡುಗಳಲ್ಲಿ ಒಂದೂ ಮಾದರಿಗೆ ಇಳಿದು ಬರುವುದಿಲ್ಲ.

ಪಿಎಸ್‌ಎಲ್‌ವಿಯ ಮೊದಲ ಹಂತದಲ್ಲಿ ನಳಿಕೆಯ ಒಂದು ಪಕ್ಕದಿಂದ ಸ್ಟ್ರಾನ್ಶಿಯಂ ಪರ್ಕ್ಲೋರೇಟಿನ ದ್ರಾವಣವನ್ನು ಒಳಕ್ಕೆ ಚಿಮ್ಮಿಸಿ, ಉರಿಯ ಧಾರೆಯನ್ನೇ ತುಸು ಓರೆ ಮಾಡಿ ದಿಕ್ಕು ತಿದ್ದುತ್ತಾರೆ. ಎರಡನೆಯ ಹಂತದ ವಿಕಾಸ್ ಎಂಜಿನ್ನು ತಾನೇ ಅತ್ತಿತ್ತ ವಾಲುತ್ತದೆ. ಕಾಗದದ ಮಾದರಿಗೆ ಕಣ್ಣೂ ಇಲ್ಲ, ಚುಕ್ಕಾಣಿಯೂ ಇಲ್ಲ. ಬಾಲದ ರೆಕ್ಕೆಗಳು ಮತ್ತು ಮೂತಿಯ ಭಾರ, ಇವೆರಡೇ ಅದರ ಬಂಡವಾಳ. ಆದ್ದರಿಂದ ಹೊಸದಾಗಿ ಕೈಹಾಕುವವರು ಪಿಎಸ್‌ಎಲ್‌ವಿಯ ಆಸೆಯನ್ನು ಸ್ವಲ್ಪ ಕಾಲ ಬದಿಗಿಟ್ಟು, ರೋಹಿಣಿ ಸರಣಿಯ ಆರ್‌ಎಚ್-200ರಿಂದ ಆರಂಭಿಸುವುದು ಮೇಲೆಂಬುದು ನನ್ನ ಅಭಿಪ್ರಾಯ. ಕಾಸರಗೋಡು ಕೇರಳದ ಬಡಗು ತುದಿಯಾದರೆ, ಆ ರಾಕೆಟ್ಟು ಹಾರುವ, ‘ತುಂಬಾ’ ಎಂಬ ಊರಿನ ಉಡಾವಣಾ ಕೇಂದ್ರವಿರುವುದು ಅದೇ ರಾಜ್ಯದ ತೆಂಕು ತುದಿಯ ತಿರುವನಂತಪುರದ ಕಡಲತೀರದಲ್ಲಿ. ಭೂಮಿಯ ಕಾಂತೀಯ ಸಮಭಾಜಕ ಸಮೀಪದಲ್ಲೇ ಹಾದುಹೋಗುವುದರಿಂದ ಆ ಜಾಗವನ್ನು ಆರಿಸಲಾಯಿತು. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೇಲೇರಿದ ಮೊದಲ ಶೋಧಕ ರಾಕೆಟ್ಟು, ಅಮೆರಿಕದ ನೈಕ್-ಅಪಾಚೆ, ಹೊರಟದ್ದು ಅಲ್ಲಿಂದಲೇ. ಮೇಲಿನ ವಾತಾವರಣದ ಅಧ್ಯಯನಕ್ಕೆ ಬಳಕೆಯಾಗುವ ಆರ್‌ಎಚ್-200 ಸತತ 200ನೆಯ ಯಶಸ್ವಿ ಹಾರಾಟವನ್ನು 2022ರ ನವೆಂಬರಿನಲ್ಲಿ ಪೂರೈಸಿತು. ಅದರ ವ್ಯಾಸ 200 ಮಿಲಿಮೀಟರ್, ಉದ್ದ ಸುಮಾರು 3.6 ಮೀಟರ್. ಎಂಟರಲ್ಲಿ ಒಂದು ಪಾಲು ಮಾಡಿದರೆ 25 ಮಿಲಿಮೀಟರ್ ದಪ್ಪದ, 45 ಸೆಂಟಿಮೀಟರ್ ಉದ್ದದ ಮಾದರಿ ಸಿಗುತ್ತದೆ. ಮೂಲ ರಾಕೆಟ್ಟೇ ರೆಕ್ಕೆಗಳ ಬಲದಿಂದ ನೆಟ್ಟಗೆ ಹಾರುವಂಥದ್ದಾದ್ದರಿಂದ, ಇಲ್ಲಿ ಅಳತೆಗೆ ನಿಷ್ಠವಾಗಿದ್ದಷ್ಟೂ ಹಾರಾಟಕ್ಕೆ ಅನುಕೂಲವೇ.

ರೆಕ್ಕೆ ಏನು ಮಾಡುತ್ತದೆ ಎಂಬುದನ್ನು ತಿಳಿಯಲು ಎರಡು ಬಿಂದುಗಳನ್ನು ಗುರುತಿಸಿಕೊಳ್ಳಬೇಕು. ರಾಕೆಟ್ಟಿನ ಒಟ್ಟು ತೂಕ ಸಮತೂಗುವ ಜಾಗ ಗುರುತ್ವ ಕೇಂದ್ರ. ಓರೆಯಾಗಿ ಬಡಿಯುವ ಗಾಳಿಯ ಒಟ್ಟು ಒತ್ತು ಬೀಳುವ ಜಾಗ ಒತ್ತಡ ಕೇಂದ್ರ. ಹಾರುತ್ತಿರುವ ವಸ್ತು ತಿರುಗುವುದು ಗುರುತ್ವ ಕೇಂದ್ರದ ಸುತ್ತ. ಒತ್ತಡ ಕೇಂದ್ರ ಅದಕ್ಕಿಂತ ಹಿಂದಿದ್ದರೆ, ರಾಕೆಟ್ಟು ಓರೆಯಾದಾಗಲೆಲ್ಲ ಗಾಳಿ ಬಾಲವನ್ನು ದೂಡಿ ಸರಿಪಡಿಸುತ್ತದೆ. ಮುಂದಿದ್ದರೆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ತೋಟದಲ್ಲಿ ಅಡಿಕೆಯ ಸೋಗೆ ಕಳಚಿದಾಗ ಹಾಳೆಯಿರುವ ಭಾರದ ಬುಡ ಮುಂದಾಗಿ, ಗಾಳಿಗೆ ಹರಡಿದ ಗರಿಗಳು ಹಿಂದಾಗಿ ಕೆಳಗಿಳಿಯುವುದಕ್ಕೂ ಇದೇ ಕಾರಣ. ಎರಡು ಬಿಂದುಗಳ ನಡುವೆ ಕನಿಷ್ಠ ಒಂದು ಕೊಳವೆಯ ವ್ಯಾಸದಷ್ಟು ಅಂತರವಿರಬೇಕೆಂಬುದು ಈ ಹವ್ಯಾಸದಲ್ಲಿ ಬಹುಕಾಲದಿಂದ ನಡೆದುಬಂದ ನಿಯಮ.

ಒತ್ತಡ ಕೇಂದ್ರವನ್ನು ಗಣಿತದಿಂದ ಕಂಡುಹಿಡಿಯುವ ಸುಲಭ ಸೂತ್ರಗಳನ್ನು ನಾಸಾದ ಎಂಜಿನಿಯರ್ ಜೇಮ್ಸ್ ಬ್ಯಾರೋಮನ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟರು. ಓರೆ ಕಡಿಮೆಯಿರುವಾಗ ನೇರವಾದ ಕೊಳವೆಯ ಮೇಲೆ ಗಾಳಿಯ ಪಕ್ಕದೊತ್ತು ಇಲ್ಲವೆನ್ನುವಷ್ಟು ಕಡಿಮೆ, ಮೂತಿಯ ಮೇಲಿನ ಒತ್ತು ಅದರ ಬುಡದ ವ್ಯಾಸದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ ಎಂಬುದು ಆ ಸೂತ್ರಗಳ ತಿರುಳು. ಎಲ್‌ವಿಎಂ3 ರಾಕೆಟ್ಟನ್ನು ನೋಡಿ: ನಡುಭಾಗದ ವ್ಯಾಸ 4 ಮೀಟರ್, ತಲೆಯ ಉಷ್ಣಕವಚದ್ದು 5 ಮೀಟರ್. ಐದನ್ನು ನಾಲ್ಕರಿಂದ ಭಾಗಿಸಿ ವರ್ಗ ಮಾಡಿದರೆ 1.56, ಎಂದರೆ ತಲೆ ಉಬ್ಬಿದ ಈ ಮಾದರಿಯ ಮೂತಿಯನ್ನು ಗಾಳಿ ಒಂದೂವರೆ ಪಟ್ಟಿಗೂ ಮಿಕ್ಕಿ ತಳ್ಳುತ್ತದೆ, ಒತ್ತಡ ಕೇಂದ್ರ ಮುಂದಕ್ಕೆ ಜಾರುತ್ತದೆ. ಸಣ್ಣ ಪ್ರಮಾಣದಲ್ಲಿ ಪಿಎಸ್‌ಎಲ್‌ವಿಗೂ ಇದೇ ತೊಂದರೆಯಿದೆ. ಸೂತ್ರಗಳು ಬೇಡವೆನ್ನುವವರು ರಾಕೆಟ್ಟಿನ ಪಕ್ಕದ ನೋಟವನ್ನು ರೆಕ್ಕೆಗಳ ಸಮೇತ ರಟ್ಟಿನಲ್ಲಿ ಕತ್ತರಿಸಿ, ಸ್ಕೇಲಿನ ಅಂಚಿನ ಮೇಲೆ ತೂಗಿಸಬಹುದು. ತೂಗಿ ನಿಲ್ಲುವ ಬಿಂದು ನಿಜವಾದ ಒತ್ತಡ ಕೇಂದ್ರಕ್ಕಿಂತ ಮುಂದೆಯೇ ಸಿಗುತ್ತದೆ. ಅದನ್ನು ನಂಬಿ ಕಟ್ಟಿದವರ ರಾಕೆಟ್ಟು ಸುರಕ್ಷಿತ ಬದಿಯಲ್ಲೇ ಉಳಿಯುತ್ತದೆ.

ಇನ್ನು ತೂಕದ ಲೆಕ್ಕ. ಚದರ ಮೀಟರಿಗೆ 200 ಗ್ರಾಮ್ ತೂಗುವ ಎ4 ಹಾಳೆಯೊಂದರ ತೂಕ ಹನ್ನೆರಡೂವರೆ ಗ್ರಾಮ್. ನೂರರಲ್ಲಿ ಒಂದು ಪಾಲಿನ ಪಿಎಸ್‌ಎಲ್‌ವಿಯ ನಡುಕೊಳವೆಗೆ ಇಂಥ ಕಾಗದ ಎಂಟು ಗ್ರಾಮೂ ಬೇಡ. ಪಕ್ಕದ ಆರು ಬೂಸ್ಟರುಗಳಿಗೆ ಐದು ಗ್ರಾಮ್ ಸಾಕು. ಅಂಟು, ಉಂಗುರ, ರೆಕ್ಕೆಗಳೆಲ್ಲ ಸೇರಿ 20 ಗ್ರಾಮ್ ಎಂದಿಟ್ಟುಕೊಳ್ಳೋಣ. ಹವ್ಯಾಸಿಗಳು ಬಳಸುವ ‘ಸಿ’ ದರ್ಜೆಯ ಮೋಟಾರೊಂದೇ ಸುಮಾರು 24 ಗ್ರಾಮ್ ತೂಗುತ್ತದೆ, ಅದೂ ತೀರ ಬಾಲದಲ್ಲಿ ಕೂತು. ಕಾಗದದ ತೂಕ ಮೂತಿಯಿಂದ 25 ಸೆಂಟಿಮೀಟರ್ ದೂರದಲ್ಲಿದೆ ಎಂದು ಹಿಡಿದರೆ, ಮೋಟಾರು ಸೇರಿದೊಡನೆ ಗುರುತ್ವ ಕೇಂದ್ರ 33 ಸೆಂಟಿಮೀಟರನ್ನು ದಾಟಿ ಹಿಂದಕ್ಕೆ ಹೋಗುತ್ತದೆ. ಮೂತಿಯೊಳಗೆ 15 ಗ್ರಾಮ್ ಭಾರವಿಟ್ಟರೆ ಅದು 26ಕ್ಕೆ ಮರಳುತ್ತದೆ. ಮೀನುಗಾರರು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳು ನಮ್ಮ ಕರಾವಳಿಯಲ್ಲಿ ಸುಲಭವಾಗಿ ಸಿಗುವುದರಿಂದ ಅವನ್ನೇ ತುರುಕುವ ಯೋಚನೆ ಬರುವುದು ಸಹಜ. ಆದರೆ ಮಾದರಿ ರಾಕೆಟ್ಟಿನ ಮೂತಿ, ದೇಹ, ರೆಕ್ಕೆಗಳಲ್ಲಿ ಲೋಹ ಇರಬಾರದೆಂಬುದು ಸುರಕ್ಷತೆಯ ನಿಯಮ. ಮಕ್ಕಳ ಆಟಕ್ಕೆ ಅಂಗಡಿಯಲ್ಲಿ ಮಾರುವ ಬಣ್ಣದ ಕ್ಲೇ ಸಾಕು. ಪಿಎಸ್‌ಎಲ್‌ವಿಯನ್ನೇ ಹಾರಿಸುವ ಹಟವಿದ್ದರೆ, ಮೂಲದಲ್ಲಿ ಇಲ್ಲದ ರೆಕ್ಕೆಗಳನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿ ಬಾಲಕ್ಕೆ ಅಂಟಿಸುವ ಪದ್ಧತಿಯೂ ಇದೆ. ನಾಲ್ಕು ಮಾರು ದೂರದಿಂದ ಅವು ಕಾಣಿಸುವುದಿಲ್ಲ.

ಕಾಗದಕ್ಕೂ ಒಂದು ದಿಕ್ಕಿದೆ. ಗಿರಣಿಯಲ್ಲಿ ತಯಾರಾಗುವಾಗ ನಾರುಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ ಮಲಗಿರುತ್ತವೆ. ಹಾಳೆಯ ಸಣ್ಣ ಚೂರಿನ ಒಂದು ಮೈಯನ್ನು ಒದ್ದೆ ಮಾಡಿದರೆ ಅದು ತಾನಾಗಿಯೇ ಸುರುಳಿಯಾಗುತ್ತದೆ. ಸುರುಳಿಯ ಉದ್ದಕ್ಕೆ ನಾರುಗಳಿವೆ ಎಂದು ತಿಳಿಯಬೇಕು. ಕೊಳವೆಯ ಉದ್ದ ಆ ದಿಕ್ಕಿಗೇ ಬರುವಂತೆ ಕತ್ತರಿಸಿದರೆ ಕಾಗದ ಮುರಿಯದೆ, ಗೆರೆ ಬೀಳದೆ ದುಂಡಗಾಗುತ್ತದೆ. ಅಡ್ಡಕ್ಕೆ ಕತ್ತರಿಸಿದ್ದು ಎಷ್ಟು ಉಪಚರಿಸಿದರೂ ಹಲವು ಮೂಲೆಗಳ ಕೊಳವೆಯಾಗಿಯೇ ಉಳಿಯುತ್ತದೆ. ಸುತ್ತುವ ಮೊದಲು ಹಾಳೆಯನ್ನು ಮೇಜಿನ ಅಂಚಿನ ಮೇಲೆ ಒತ್ತಿ ಎರಡು-ಮೂರು ಸಲ ಎಳೆದರೆ ಬಾಗು ತಾನಾಗಿ ಬರುತ್ತದೆ. ಅಂಚುಗಳನ್ನು ಒಂದರ ಮೇಲೊಂದು ಹೇರದೆ, ಒಂದಕ್ಕೊಂದು ತಾಗಿಸಿ ಒಳಗಿನಿಂದ ಪಟ್ಟಿ ಅಂಟಿಸಿದರೆ ಹೊರಮೈ ನುಣುಪಾಗಿರುತ್ತದೆ. ಫೆವಿಕಾಲನ್ನು ಬೆರಳಿನಿಂದ ತೆಳ್ಳಗೆ ಸವರಬೇಕು. ಹೆಚ್ಚಾದರೆ ಕಾಗದ ನೀರು ಕುಡಿದು ಸುಕ್ಕುಗಟ್ಟುತ್ತದೆ. ಮಡಿಕೆಯ ಗೆರೆಗಳನ್ನು ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಎಳೆದುಕೊಂಡರೆ ಮಡಿಕೆ ನೇರವಾಗಿ ಬರುತ್ತದೆ.

ಮೂತಿಯ ಶಂಕುವಿಗೆ ವೃತ್ತದ ಒಂದು ಹೋಳು ಬೇಕು. ಬುಡದ ತ್ರಿಜ್ಯವನ್ನು ಓರೆ ಉದ್ದದಿಂದ ಭಾಗಿಸಿ 360ರಿಂದ ಗುಣಿಸಿದರೆ ಹೋಳಿನ ಕೋನ ಸಿಗುತ್ತದೆ: ಬುಡದ ತ್ರಿಜ್ಯ 12.5 ಮಿಲಿಮೀಟರ್, ಓರೆ ಉದ್ದ 75 ಮಿಲಿಮೀಟರ್ ಇದ್ದರೆ ಕೋನ 60 ಡಿಗ್ರಿ. ದಪ್ಪ ಹಂತದಿಂದ ಸಪುರ ಹಂತಕ್ಕೆ ಇಳಿಯುವ ಜೋಡಣೆಯೂ ತುದಿ ಕತ್ತರಿಸಿದ ಶಂಕುವೇ ಆದ್ದರಿಂದ ಅದಕ್ಕೂ ಇದೇ ಲೆಕ್ಕ. ರೆಕ್ಕೆಗೆ ಒಂದು ಪದರ ಸಾಲದು. ಮೂರು ಪದರಗಳನ್ನು ಅಂಟಿಸಿ, ಭಾರದ ಪುಸ್ತಕಗಳ ಅಡಿಯಲ್ಲಿ ಒಂದು ರಾತ್ರಿ ಇಡಬೇಕು, ಇಲ್ಲವಾದರೆ ಒಣಗುವಾಗ ಸೊಟ್ಟಗಾಗುತ್ತದೆ. ಆಟಿಯ ಮಳೆಯಲ್ಲಿ ಈ ಕೆಲಸ ಬೇಡ. ಕಪಾಟಿನ ಬಟ್ಟೆಗೇ ಬೂಸಲು ಹಿಡಿಯುವ ದಿನಗಳಲ್ಲಿ ಕಾಗದ ನೆಟ್ಟಗಿರುವುದು ಹೇಗೆ?

ರಂಜಕದ, ಎಂದರೆ ಕರಿಮದ್ದಿನ, ಮೋಟಾರಿಗೆ ಹೋಗುವ ಮೊದಲು ಗಾಳಿಯಿಂದಲೇ ಹಾರಿಸಿ ಕೈ ಪಳಗಿಸಿಕೊಳ್ಳಬಹುದು, ಮತ್ತು ಹೆಚ್ಚಿನವರಿಗೆ ಅಷ್ಟೇ ಸಾಕೆಂದು ನನಗನ್ನಿಸುತ್ತದೆ. ಅಡಿಕೆ ತೋಟವಿರುವ ಮನೆಯಲ್ಲಿ ಸ್ಪ್ರಿಂಕ್ಲರಿನ ಕೆಲಸಕ್ಕೆ ತಂದ ಅರ್ಧ ಇಂಚಿನ ಪಿವಿಸಿ ಪೈಪಿನ ತುಂಡು ಎಲ್ಲಾದರೂ ಬಿದ್ದೇ ಇರುತ್ತದೆ. ಅದರ ಒಂದು ತುದಿಗೆ ದೊಡ್ಡ ಪ್ಲಾಸ್ಟಿಕ್ ಬಾಟಲಿಯನ್ನು ಗಾಳಿ ಸೋರದಂತೆ ಜೋಡಿಸಿ, ಮೇಲ್ಮುಖವಾಗಿ ನಿಲ್ಲಿಸಿದ ಇನ್ನೊಂದು ತುದಿಗೆ, ಅದೇ ಪೈಪಿನ ಮೇಲೆ ಸುತ್ತಿ ತಯಾರಿಸಿದ ಕಾಗದದ ರಾಕೆಟ್ಟನ್ನು ಸಡಿಲವಾಗಿ ತೊಡಿಸಿ, ಬಾಟಲಿಯ ಮೇಲೆ ಕಾಲಿನಿಂದ ಜೋರಾಗಿ ಮೆಟ್ಟಿದರೆ ಆಯಿತು. ಪೈಪಿನ ಹೊರವ್ಯಾಸ 21 ಮಿಲಿಮೀಟರ್. ಒಳಗೆ ವಾತಾವರಣದ ಒತ್ತಡಕ್ಕಿಂತ ಅರ್ಧದಷ್ಟು ಹೆಚ್ಚು ಒತ್ತಡ ಉಂಟಾದರೂ ರಾಕೆಟ್ಟಿನ ಮೂತಿಗೆ ಒಳಗಿನಿಂದ ಬೀಳುವ ಬಲ 17 ನ್ಯೂಟನ್ ಮೀರುತ್ತದೆ, ಹನ್ನೆರಡು ಗ್ರಾಮಿನ ವಸ್ತುವಿಗೆ ಅದು ಭಾರಿ ಬಲ. ಮೂತಿಗೆ ಸ್ವಲ್ಪ ಕ್ಲೇ ಸೇರಿಸಿ, ತೆಗೆದು, ರೆಕ್ಕೆಯನ್ನು ಕತ್ತರಿಸಿ, ಬದಲಿಸಿ ಪರೀಕ್ಷಿಸಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಪೈಪಿನ ಮೇಲೆ ಯಾರೂ ಬಗ್ಗಿ ನೋಡದಂತೆ ಮಾತ್ರ ಎಚ್ಚರವಿರಬೇಕು.

ರಂಜಕದ ಮೋಟಾರುಗಳ ಕಥೆ ಆರಂಭವಾದದ್ದು ಅಮೆರಿಕದ ನೆಬ್ರಾಸ್ಕ ರಾಜ್ಯದ ಒಂದು ಚಪ್ಪಲಿ ಅಂಗಡಿಯಿಂದ. ಅದರ ಮಾಲೀಕ ಓರ್ವಿಲ್ ಕಾರ್ಲೈಲ್ 1954ರಲ್ಲಿ, ಕಾಗದದ ಕೊಳವೆಯ ರಾಕೆಟ್ಟಿಗೆ ಪ್ರತಿ ಸಲವೂ ಹೊಸದಾಗಿ ಹಾಕಬಹುದಾದ ಮೋಟಾರನ್ನು ರೂಪಿಸಿದರು. ಇಂದಿಗೂ ಅದರ ರಚನೆ ಹಾಗೆಯೇ ಇದೆ: ಕಾಗದದ ಕವಚ, ಮಣ್ಣಿನ ನಳಿಕೆ, ಒತ್ತಿ ತುಂಬಿದ ರಂಜಕ, ನಿಧಾನವಾಗಿ ಉರಿಯುವ ತಡಮಾಡುವ ಪದರ, ಕೊನೆಗೆ ಮೂತಿಯನ್ನು ಕಳಚಿ ಪ್ಯಾರಾಚೂಟನ್ನು ಹೊರದೂಡುವ ಸಣ್ಣ ಸಿಡಿತ. ಮೋಟಾರಿನ ದರ್ಜೆಯನ್ನು ಎ, ಬಿ, ಸಿ ಎಂಬ ಅಕ್ಷರಗಳಿಂದ ಗುರುತಿಸುತ್ತಾರೆ. ಅಕ್ಷರ ಒಂದು ಮೆಟ್ಟಿಲು ಏರಿದರೆ ಒಟ್ಟು ನೂಕಿನ (ಬಲವನ್ನು ಉರಿಯುವ ಸಮಯದಿಂದ ಗುಣಿಸಿದ್ದರ) ಮಿತಿ ಇಮ್ಮಡಿ; ‘ಸಿ’ ದರ್ಜೆಯ ಗರಿಷ್ಠ ಮಿತಿ 10 ನ್ಯೂಟನ್-ಸೆಕೆಂಡ್. ಇವನ್ನು ಮನೆಯಲ್ಲಿ ತಯಾರಿಸಲು ಹೊರಡುವುದು ಅಪಾಯವಷ್ಟೇ ಅಲ್ಲ, 1884ರ ಸ್ಫೋಟಕ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದವರಿಗೆ ಅಪರಾಧವೂ ಹೌದು. ಉತ್ಸವದ ಕದಿನ, ಬೆಡಿಗಳ ಸದ್ದು ನಮಗೆ ಬಾಲ್ಯದಿಂದ ಪರಿಚಿತವಾದ್ದರಿಂದಲೇ ರಂಜಕದ ಭಯ ಕಡಿಮೆ. 2024ರ ಅಕ್ಟೋಬರ್ ಕೊನೆಯಲ್ಲಿ ನೀಲೇಶ್ವರದಲ್ಲಿ ಪಟಾಕಿಯ ದಾಸ್ತಾನು ಸಿಡಿದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡದ್ದನ್ನು ಈ ಜಿಲ್ಲೆಯವರು ಮರೆಯಲಾರರು. ಕಾರ್ಖಾನೆಯ ಮೋಟಾರನ್ನು ಅನುಮತಿಯಿರುವ ಕಾಲೇಜು ತಂಡಗಳ ಜೊತೆ ಸೇರಿ, ಐದು ಮೀಟರ್ ದೂರದಿಂದ ಬ್ಯಾಟರಿಯ ತಂತಿಯಲ್ಲಿ ಹೊತ್ತಿಸುವುದೇ ಸರಿಯಾದ ಕ್ರಮ.

ಹಾರಿಸಲು ‘ಪದವು’ ಎಂದು ಕರೆಯುವ ಮುರಕಲ್ಲಿನ (ಜಂಬಿಟ್ಟಿಗೆಯ) ಬಯಲಿಗಿಂತ ಒಳ್ಳೆಯ ಜಾಗ ಇಲ್ಲಿಲ್ಲ. ತೋಟದ ನಡುವೆ ಹಾರಿಸಿದ್ದು ತೆಂಗಿನ ಮಂಡೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಆದರೆ ಮಕರದ ಬಳಿಕ ಮುರಕಲ್ಲಿನ ಮೇಲಿನ ಮುಳಿಹುಲ್ಲು ಒಣಗಿ ಕಿಡಿಗೆ ಕಾದಿರುತ್ತದೆ, ಆಗ ಮೋಟಾರಿನ ರಾಕೆಟ್ಟು ಅಲ್ಲಿ ಸಲ್ಲದು. ಮಳೆ ಹಿಂದೆ ಸರಿದು ಹುಲ್ಲು ಇನ್ನೂ ಹಸುರಾಗಿರುವ ವಾರಗಳ ಬೆಳಗಿನ ಹೊತ್ತು ಉತ್ತಮ. ಮಧ್ಯಾಹ್ನ ಕಡಲ ಗಾಳಿ ಎದ್ದ ಮೇಲೆ ಲೆಕ್ಕವೇ ಬೇರೆ: ಕಂಬಿ ಬಿಡುವಾಗ ರಾಕೆಟ್ಟಿನ ವೇಗ ಸೆಕೆಂಡಿಗೆ 13 ಮೀಟರ್, ಅಡ್ಡಗಾಳಿ 4 ಮೀಟರ್ ಇದ್ದರೆ, ಗಾಳಿ ಅದನ್ನು 17 ಡಿಗ್ರಿ ಓರೆಯಿಂದ ಬಡಿಯುತ್ತದೆ. ರೆಕ್ಕೆಗಳು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿ ಮೂತಿಯನ್ನು ಗಾಳಿಯ ಕಡೆಗೆ, ಅಂದರೆ ಪಡುವಣಕ್ಕೆ, ತಿರುಗಿಸುತ್ತವೆ.

ಏರಿದ ಎತ್ತರವನ್ನು ಅಳೆಯುವಾಗಲೂ ಈ ವಾಲುವಿಕೆಯನ್ನು ಗಮನಿಸಬೇಕು. ಕೋನಮಾಪಕಕ್ಕೆ ದಾರ ಮತ್ತು ಕಲ್ಲು ಕಟ್ಟಿ, ನೂರು ಮೀಟರ್ ದೂರದಲ್ಲಿ ನಿಂತು, ತುತ್ತತುದಿಯ ಕೋನವನ್ನು ಓದಿದರೆ ಎತ್ತರ ಸಿಗುತ್ತದೆಂದು ಪಾಠದಲ್ಲಿ ಹೇಳುತ್ತಾರೆ. ಅದು ನೇರವಾಗಿ ಏರಿದ ರಾಕೆಟ್ಟಿಗೆ ಮಾತ್ರ ಸರಿ. ಪಡುವಣಕ್ಕೊಬ್ಬರು, ಮೂಡಣಕ್ಕೊಬ್ಬರು ನೂರು ನೂರು ಮೀಟರ್ ದೂರದಲ್ಲಿ ನಿಂತು, ಒಬ್ಬರಿಗೆ 50, ಇನ್ನೊಬ್ಬರಿಗೆ 40 ಡಿಗ್ರಿ ಕಂಡಿತೆನ್ನಿ. ಬೇರೆ ಬೇರೆಯಾಗಿ ಲೆಕ್ಕ ಹಾಕಿದರೆ ಒಬ್ಬರಿಗೆ 119 ಮೀಟರ್, ಇನ್ನೊಬ್ಬರಿಗೆ 84 ಮೀಟರ್. ಇಬ್ಬರ ನಡುವಿನ 200 ಮೀಟರನ್ನು ಎರಡೂ ಕೋನಗಳ ಕೋಟ್ಯಾಂಜೆಂಟುಗಳ ಮೊತ್ತದಿಂದ ಭಾಗಿಸಿದರೆ ಸಿಗುವ 98 ಮೀಟರ್ ನಿಜವಾದ ಎತ್ತರಕ್ಕೆ ಹತ್ತಿರದ್ದು. ನೋಡುವವರ ಕಣ್ಣಿನ ಎತ್ತರ, ಒಂದೂವರೆ ಮೀಟರನ್ನು, ಅದಕ್ಕೆ ಕೂಡಿಸಿಕೊಳ್ಳಬೇಕು.