ಇನ್‌ಫ್ಲಮೇಜಿಂಗ್: ಉರಿಯೂ ಇಲ್ಲದ, ಊತವೂ ಇಲ್ಲದ ಉರಿಯೂತ

ಕಾಲು ಉಳುಕಿದರೆ ಆ ಜಾಗ ಕೆಂಪಾಗಿ ಬಾತುಕೊಳ್ಳುತ್ತದೆ, ಮುಟ್ಟಿದರೆ ಬಿಸಿ. ಉರಿಯೂ ಇದೆ, ಊತವೂ ಇದೆ, ಅದಕ್ಕೇ ಅದು ಉರಿಯೂತ. ಕೆಲವು ದಿನ ಕಾಟ ಕೊಟ್ಟು, ಪೆಟ್ಟು ಬಿದ್ದದ್ದನ್ನು ರಿಪೇರಿ ಮಾಡಿ ಹೋಗುತ್ತದೆ. ವಯಸ್ಸಾದಂತೆ ಮೈಯಲ್ಲಿ ಇನ್ನೊಂದು ಬಗೆಯ ಉರಿಯೂತ ಸೇರಿಕೊಳ್ಳುತ್ತದೆ. ಇದು ಕಣ್ಣಿಗೆ ಕಾಣದು, ನೋಯುವುದೂ ಇಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ವರ್ಷಗಟ್ಟಲೆ ಒಳಗೇ ಇರುತ್ತದೆ. ಇಟಲಿಯ ವಿಜ್ಞಾನಿ ಕ್ಲಾಡಿಯೊ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ಇದಕ್ಕಿಟ್ಟ ಹೆಸರು ಇನ್‌ಫ್ಲಮೇಜಿಂಗ್. ಉರಿಯೂತ, ಮುಪ್ಪು ಎರಡರ ಇಂಗ್ಲಿಷ್ ಪದಗಳನ್ನೂ ಬೆಸೆದು ಮಾಡಿದ್ದು.

ಇದರಿಂದ ಪೆಟ್ಟು ತಿನ್ನುವುದರಲ್ಲಿ ಸ್ನಾಯುವೂ ಒಂದು. ವಯಸ್ಸಿನ ಜೊತೆ ಸ್ನಾಯು ಸವೆಯುವುದಕ್ಕೆ ಸಾರ್ಕೊಪೀನಿಯಾ ಎನ್ನುತ್ತಾರೆ. ಗ್ರೀಕ್ ಮೂಲದ ಪದ, ಮಾಂಸದ ಕೊರತೆ ಎಂದರ್ಥ.

ಸ್ನಾಯು ಒಮ್ಮೆ ಬೆಳೆದು ಸುಮ್ನೆ ಕೂರುವುದಿಲ್ಲ. ಅದರ ಪ್ರೋಟೀನನ್ನು ದೇಹ ದಿನವೂ ಒಂದಿಷ್ಟು ಕೆಡವುತ್ತದೆ, ಒಂದಿಷ್ಟು ಕಟ್ಟುತ್ತದೆ. ರಕ್ತದಲ್ಲಿ ಟಿಎನ್‌ಎಫ್-ಆಲ್ಫಾ, ಐಎಲ್-6 ತರಹದ ಉರಿಯೂತದ ಸಂದೇಶವಾಹಕಗಳು ಸದಾ ಜಾಸ್ತಿ ಇದ್ದರೆ ಕೆಡವುವ ಕೆಲಸ ಚುರುಕಾಗುತ್ತದೆ. ಕಟ್ಟು ಎಂಬ ಸಂದೇಶಕ್ಕೆ ಮಾತ್ರ ಸ್ನಾಯುವಿನ ಕಿವಿ ಮಂದ. ಹರೆಯದವರು ತಿಂದಷ್ಟೇ ಪ್ರೋಟೀನ್ ತಿಂದರೂ ಸ್ನಾಯು ಅಷ್ಟು ಕಟ್ಟಿಕೊಳ್ಳುವುದಿಲ್ಲ. ಹಾನಿಯಾದಾಗ ಎದ್ದುಬಂದು ರಿಪೇರಿ ಮಾಡಬೇಕಾದ ಸ್ನಾಯುವಿನ ಕಾಂಡಕೋಶಗಳೂ ಮಂಕಾಗುತ್ತವೆ.

ಕೆಂಡಕ್ಕೆ ಗಾಳಿ ಹಾಕುವವರು ಯಾರು? ಹೊಟ್ಟೆಯೊಳಗಿನ ಕೊಬ್ಬು ಒಬ್ಬ. ಇನ್ನೊಬ್ಬರು, ವಿಭಜನೆ ನಿಲ್ಲಿಸಿಯೂ ಸಾಯದೆ ಉಳಿದ ಮುದಿ ಕೋಶಗಳು. ಸ್ನಾಯು ಕಡಿಮೆಯಾದರೆ ಓಡಾಟ ಕಡಿಮೆ, ಓಡಾಟ ಕಡಿಮೆಯಾದರೆ ಕೊಬ್ಬು ಜಾಸ್ತಿ, ಕೊಬ್ಬಿನಿಂದ ಮತ್ತೆ ಉರಿಯೂತ. ಸ್ನಾಯು ಹೋದ ಜಾಗಕ್ಕೆ ಕೊಬ್ಬು ಬಂದು ಕೂತರೆ ತೂಕವೂ ಬದಲಾಗದು, ಹಾಗಾಗಿ ತೂಕದ ಮಿಷನ್ನನ್ನು ನಂಬಿ ಕೂರಬೇಡಿ. ಕೈ ಹಿಡಿತ ಎಷ್ಟು ಬಿಗಿ, ಕೈ ಊರದೆ ಕುರ್ಚಿಯಿಂದ 5 ಸಲ ಎದ್ದು ಕೂರಲು ಎಷ್ಟು ಹೊತ್ತು ಎಂದು ವೈದ್ಯರು ನೋಡುತ್ತಾರೆ. ಯುರೋಪಿನ ತಜ್ಞರ ಲೆಕ್ಕದಲ್ಲಿ 15 ಸೆಕೆಂಡ್ ದಾಟಿದರೆ ಬಲ ಕುಂದಿದೆ ಎಂದೇ.

ಐಎಲ್-6 ಅನ್ನು ಬರೀ ಖಳನಾಯಕ ಮಾಡುವ ಬರಹಗಳನ್ನು ಮಾತ್ರ ನಾನು ಒಪ್ಪುವುದಿಲ್ಲ. ವ್ಯಾಯಾಮ ಮಾಡುವಾಗ ಸ್ನಾಯುವೇ ಅದನ್ನು ಧಾರಾಳವಾಗಿ ಸುರಿಸುತ್ತದೆ! ಆಗ ಅದು ಸರ್ರನೆ ಏರಿ, ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಇಳಿಯುವ ಮುಂಚೆ ಉರಿಯೂತ ತಗ್ಗಿಸುವ ಐಎಲ್-10 ಅನ್ನು ಎಬ್ಬಿಸಿ, ಟಿಎನ್‌ಎಫ್-ಆಲ್ಫಾಗೆ ಕಡಿವಾಣ ಹಾಕಿ ಹೋಗುತ್ತದೆ.