ನಮಗೆ ಕಾಣುವ ಮೋಸ ನಾಯಕಿಗೆ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ಪ್ರೀತಿ, ಮೋಸ, ಸೇಡು ಸೇರಿದ ಸೈಕಲಾಜಿಕಲ್ ಥ್ರಿಲ್ಲರ್‌ಗಳೆಂದರೆ ನನಗೆ ಇಷ್ಟ. ಆದರೆ ಗಂಡ ಸುಳ್ಳು ಹೇಳುತ್ತಿದ್ದಾನೆಂದು ನನಗೆ ಮೂವತ್ತನೇ ಪುಟಕ್ಕೇ ತಿಳಿಯುತ್ತದೆ. ಬುದ್ಧಿವಂತೆಯಾದ ಹೆಂಡತಿಗೆ ಮುನ್ನೂರನೇ ಪುಟದವರೆಗೂ ತಿಳಿಯುವುದಿಲ್ಲ. ಇದು ಲೇಖಕರ ಸೋಮಾರಿತನ ಅಲ್ಲವೇ?

ಉತ್ತರ: ಕೆಲವು ಸಲ ಹೌದು, ಅದಕ್ಕೆ ಆಮೇಲೆ ಬರೋಣ. ಹೆಚ್ಚಿನ ಸಲ ಮಾತ್ರ ನಿಮಗಿರುವ ಅನುಕೂಲ ಆಕೆಗಿಲ್ಲ. ನೀವು ಥ್ರಿಲ್ಲರ್ ಓದುತ್ತಿದ್ದೀರಿ, ಆಕೆ ಸಂಸಾರ ಮಾಡುತ್ತಿದ್ದಾಳೆ. ಯಾರನ್ನೂ ನಂಬಬಾರದೆಂದು ಮುಖಪುಟವೇ ನಿಮಗೆ ಹೇಳಿಬಿಟ್ಟಿದೆ. ಗಂಡ ತಡವಾಗಿ ಬಂದರೆ ನಿಮಗದು ಸುಳಿವು, ಆಕೆಗೆ ಬರೀ ಆರಿಹೋದ ಊಟ.

ಸುಳ್ಳು ಹಿಡಿಯುವುದರಲ್ಲಿ ಮನುಷ್ಯರು ಅಷ್ಟೇನೂ ಗಟ್ಟಿಗರಲ್ಲ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪಾಲೊ ಎಂಬ ಮನಶ್ಶಾಸ್ತ್ರಜ್ಞರು ಈ ಕುರಿತ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ 2006ರಲ್ಲಿ ಲೆಕ್ಕ ಹಾಕಿದರು. ಜನ ಸತ್ಯ ಯಾವುದು, ಸುಳ್ಳು ಯಾವುದು ಎಂದು ಸರಿಯಾಗಿ ಹೇಳಿದ್ದು ಸರಾಸರಿ ಶೇ 54ರಷ್ಟು ಸಲ. ನಾಣ್ಯ ಚಿಮ್ಮಿ ಹೇಳಿದರೂ ಶೇ 50 ಸಿಗುತ್ತಿತ್ತು! ಸುಳ್ಳನ್ನು ಸುಳ್ಳೆಂದೇ ಗುರುತಿಸಿದ್ದಂತೂ ಶೇ 47 ಮಾತ್ರ. ಎದುರಿನವರು ಹೇಳುವುದು ನಿಜವೆಂದುಕೊಂಡೇ ನಾವು ಮಾತಿಗೆ ಕೂರುತ್ತೇವೆ. ಪ್ರತಿ ಮಾತನ್ನೂ ಪರೀಕ್ಷಿಸುತ್ತ ಕುಳಿತರೆ ಒಂದು ದಿನವೂ ಸಾಗದು.

ಇವೆಲ್ಲ ಹೆಚ್ಚಾಗಿ ಅಪರಿಚಿತರ ನಡುವಿನ ಲೆಕ್ಕ. ಪ್ರೀತಿಸಿದವರ ನಡುವೆ ಮೇಲಾಗಿರಬೇಕಲ್ಲ? ಸ್ಟೀವನ್ ಮೆಕ್‌ಕಾರ್ನಕ್ ಮತ್ತು ಮಾಲ್ಕಮ್ ಪಾರ್ಕ್ಸ್ 1986ರಲ್ಲಿ ಪ್ರೇಮಿಗಳ ಜೋಡಿಗಳನ್ನು ಪರೀಕ್ಷಿಸಿ ಕಂಡದ್ದು ಬೇರೆ. ಸಂಬಂಧ ಹತ್ತಿರವಾದಷ್ಟೂ ‘ಇವನ ಸುಳ್ಳು ನನಗೆ ಗೊತ್ತಾಗದೇ ಇರುತ್ತದೆಯೇ’ ಎಂಬ ಧೈರ್ಯ ಹೆಚ್ಚುತ್ತದೆ, ಆ ಧೈರ್ಯದಿಂದಲೇ ನಂಬಿಕೆ ಹೆಚ್ಚುತ್ತದೆ, ನಂಬಿಕೆ ಹೆಚ್ಚಿದಷ್ಟೂ ಪತ್ತೆಹಚ್ಚುವ ಶಕ್ತಿ ಕುಗ್ಗುತ್ತದೆ. ಬುದ್ಧಿವಂತೆ ಎಂಬುದು ಇಲ್ಲಿ ನೆರವಿಗೆ ಬರುವ ಗುಣವಲ್ಲ. ಗಂಡನ ಪರವಾಗಿ ಸಮಂಜಸವಾದ ಕಾರಣ ಹುಡುಕಿಕೊಳ್ಳಲು ದಡ್ಡರಿಗಿಂತ ಬುದ್ಧಿವಂತರಿಗೇ ಸುಲಭ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು. ಆಕೆಗೆ ಕಾಣುವುದೇ ಇಲ್ಲ ಎಂದುಕೊಳ್ಳಬೇಡಿ. ಪ್ಯಾಟ್ರಿಕ್ ಹ್ಯಾಮಿಲ್ಟನ್ 1938ರಲ್ಲಿ ಬರೆದ ‘ಗ್ಯಾಸ್ ಲೈಟ್’ ನಾಟಕದಲ್ಲಿ ಗಂಡ ಮೇಲಂತಸ್ತಿನಲ್ಲಿ ಗುಟ್ಟಾಗಿ ಒಡವೆ ಹುಡುಕುತ್ತಾನೆ. ಅಲ್ಲಿ ಅವನು ದೀಪ ಹಚ್ಚಿದೊಡನೆ ಕೆಳಗಿನ ಕೋಣೆಯ ಗ್ಯಾಸ್ ದೀಪ ಮಂಕಾಗುತ್ತದೆ. ಹೆಂಡತಿ ಅದನ್ನು ಚೆನ್ನಾಗಿಯೇ ನೋಡುತ್ತಾಳೆ. ಆದರೆ ‘ನಿನ್ನ ತಲೆ ನೆಟ್ಟಗಿಲ್ಲ’ ಎಂದು ಅವನು ನಂಬಿಸುತ್ತಲೇ ಬಂದಿದ್ದಾನೆ, ಹಾಗಾಗಿ ತನ್ನ ಕಣ್ಣನ್ನೇ ನಂಬುವ ಧೈರ್ಯ ಆಕೆಗಿಲ್ಲ. ಹೊರಗಿನವನೊಬ್ಬ ಬಂದು ಹೇಳಬೇಕಾಗುತ್ತದೆ. ಒಳ್ಳೆಯ ಥ್ರಿಲ್ಲರ್ ಕೆಲಸ ಮಾಡುವುದು ಇಲ್ಲೇ: ಕಂಡದ್ದಕ್ಕೂ ಒಪ್ಪಿಕೊಂಡದ್ದಕ್ಕೂ ನಡುವಿನ ಜಾಗದಲ್ಲಿ.

ಇನ್ನು ಗೊತ್ತಾದರೆ ಪಾರಾಗುತ್ತಿದ್ದಳೇ? 13ನೇ ಶತಮಾನದ ಜನ್ನನ ‘ಯಶೋಧರ ಚರಿತೆ’ಯನ್ನು ಥ್ರಿಲ್ಲರ್ ಎಂದು ಯಾರೂ ಕರೆಯುವುದಿಲ್ಲ, ಅದು ಹಿಂಸೆಯ ಕುರಿತ ಜೈನ ಕಾವ್ಯ. ಆದರೂ ನೋಡಿ: ಮಾವುತ ಅಷ್ಟಾವಂಕನ ಹಾಡಿಗೆ ಸೋತ ರಾಣಿ ಅಮೃತಮತಿ ರಾತ್ರಿ ಅವನಲ್ಲಿಗೆ ಹೋಗುತ್ತಾಳೆ. ರಾಜ ಬೆನ್ನಹಿಂದೆಯೇ ಹೋಗಿ ಎಲ್ಲವನ್ನೂ ಕಣ್ಣಾರೆ ಕಾಣುತ್ತಾನೆ. ಕೊಲ್ಲಲು ಹೊರಟವನು ಕೈ ತಡೆದುಕೊಳ್ಳುತ್ತಾನೆ. ತಾಯಿಗೆ ಮಾತ್ರ ನಿಜ ಹೇಳಲಾರದೆ ಕೆಟ್ಟ ಕನಸಿನ ಕಥೆ ಕಟ್ಟುತ್ತಾನೆ. ಅಂದರೆ ಮೋಸಹೋದವನ ಮೊದಲ ಕೆಲಸ ಸುಳ್ಳು ಹೇಳುವುದು! ಆ ಸುಳ್ಳಿಗೆ ಪರಿಹಾರವಾಗಿ ಹಿಟ್ಟಿನ ಕೋಳಿಯ ಬಲಿ ನಡೆಯುತ್ತದೆ. ಕೊನೆಗೆ ಅಮೃತಮತಿಯೇ ಗಂಡನಿಗೂ ಅತ್ತೆಗೂ ವಿಷವಿಕ್ಕುತ್ತಾಳೆ. ಎಲ್ಲ ಗೊತ್ತಿದ್ದೂ ಅವನು ಉಳಿಯಲಿಲ್ಲ.

ಸೇಡಿನ ಭಾಗ ಹುಟ್ಟುವುದು ಇದೇ ಜಾಗದಲ್ಲಿ. ಥ್ರಿಲ್ಲರ್ ನಾಯಕಿಯ ಸಿಟ್ಟು ಗಂಡನ ಮೇಲೆ ಎಷ್ಟೋ, ಅವನ ಪರವಾಗಿ ಇಷ್ಟು ದಿನ ಕಾರಣ ಹುಡುಕಿಕೊಟ್ಟ ತನ್ನ ಮೇಲೂ ಅಷ್ಟೇ. ಈಗ ಮುಖವಾಡ ಹಾಕುವ ಸರದಿ ಆಕೆಯದು. ಗಂಡನೂ ಆಕೆಯನ್ನು ಚೆನ್ನಾಗಿ ಬಲ್ಲೆನೆಂದೇ ನಂಬಿದ್ದಾನಲ್ಲ! ಸೇಡು ತೀರಿದ ಮೇಲೆ ಹಗುರಾಗುವುದೂ ಅಪರೂಪ. ಕೆವಿನ್ ಕಾರ್ಲ್‌ಸ್ಮಿತ್ ಮತ್ತು ಸಂಗಡಿಗರ 2008ರ ಪ್ರಯೋಗಗಳಲ್ಲಿ, ಮೋಸ ಮಾಡಿದವರನ್ನು ಶಿಕ್ಷಿಸಿದವರು ಸಮಾಧಾನ ಸಿಗುತ್ತದೆ ಎಂದುಕೊಂಡಿದ್ದರು. ಆದರೆ ಶಿಕ್ಷಿಸಲು ಅವಕಾಶವೇ ಸಿಗದವರಿಗಿಂತ ಅವರ ಮನಸ್ಸೇ ಹೆಚ್ಚು ಕೆಟ್ಟಿತ್ತು, ಅದೇ ವಿಷಯವನ್ನು ಮೆಲುಕು ಹಾಕುತ್ತಲೇ ಇದ್ದರು. ಸೇಡು ತೀರಿಸಿಕೊಂಡು ನಗುತ್ತ ಕಾರು ಹತ್ತಿ ಹೋಗುವ ನಾಯಕಿಯನ್ನು ನಾನು ಪೂರ್ತಿ ನಂಬದಿರುವುದು ಇದಕ್ಕೇ.

ಈಗ ಸೋಮಾರಿತನ. ಅನುಮಾನ ಬಂದಾಗಲೆಲ್ಲ ಆಕೆ ತನಗೆ ತಾನೇ ಏನು ಸಮಜಾಯಿಷಿ ಹೇಳಿಕೊಂಡಳು, ಒಪ್ಪಿಕೊಂಡರೆ ಏನು ಕಳೆದುಕೊಳ್ಳುತ್ತಿದ್ದಳು ಎಂಬುದು ಕಥೆಯಲ್ಲಿದ್ದರೆ ಲೇಖಕರನ್ನು ಕ್ಷಮಿಸಿ. ಅದಿಲ್ಲದೆ, ಎಲ್ಲ ಗೊತ್ತಿರುವ ಗೆಳತಿ ‘ನಾಳೆ ಸಿಕ್ಕಾಗ ಹೇಳುತ್ತೇನೆ’ ಎಂದು ಫೋನ್ ಇಟ್ಟು ಅದೇ ರಾತ್ರಿ ಅಪಘಾತದಲ್ಲಿ ಸತ್ತರೆ, ನಿಮ್ಮ ದೂರು ಪೂರ್ತಿ ನ್ಯಾಯವಾದದ್ದು.