ಬಗ್ಗಡದ ನೀರು ತಾನಾಗೇ ಯಾಕೆ ತಿಳಿಯಾಗಲ್ಲ?

ಓದುಗರ ಪ್ರಶ್ನೆ: ಮಣ್ಣು ಕದಡಿದ ನೀರನ್ನು ಲೋಟದಲ್ಲಿಟ್ಟರೆ ಮರಳು ಕೂಡಲೇ ತಳ ಸೇರುತ್ತದೆ. ಆದರೆ ಕಂದು ಬಣ್ಣ ಮಾತ್ರ ಎರಡು ದಿನವಾದರೂ ಹೋಗಲ್ಲ. ಅದೇ ನೀರಿಗೆ ಚೂರು ಪಟಿಕ ಹಾಕಿದರೆ ಸ್ವಲ್ಪ ಹೊತ್ತಿನಲ್ಲೇ ತಿಳಿಯಾಗುತ್ತದೆ. ಪಟಿಕ ಕೊಳೆಯನ್ನು ಕೆಳಕ್ಕೆ ಎಳೆಯುತ್ತದೆಯೇ?

ಉತ್ತರ: ಇಲ್ಲ, ಪಟಿಕ ಏನನ್ನೂ ಎಳೆಯುವುದಿಲ್ಲ. ಕೆಳಕ್ಕೆ ಇಳಿಸುವುದು ಯಾವಾಗಲೂ ಭೂಮಿಯ ಸೆಳೆತವೇ. ಒಂದನ್ನೊಂದು ದೂರ ತಳ್ಳುತ್ತಿದ್ದ ಕಣಗಳು ಕೂಡಿಕೊಳ್ಳುವ ಹಾಗೆ ಮಾಡುವುದಷ್ಟೇ ಪಟಿಕದ ಕೆಲಸ. ಕೂಡಿದ ಮೇಲೆ ಅವು ತಾವಾಗೇ ಇಳಿಯುತ್ತವೆ.

ಮೊದಲು ಗಾತ್ರದ ಲೆಕ್ಕ ನೋಡೋಣ. ನೀರಿನಲ್ಲಿ ಸಣ್ಣ ಕಣ ಎಷ್ಟು ಬೇಗ ಇಳಿಯುತ್ತದೆ ಅನ್ನುವುದಕ್ಕೆ ಜಾರ್ಜ್ ಸ್ಟೋಕ್ಸ್ 1851ರಲ್ಲಿ ಕೊಟ್ಟ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ. ಅದರ ಪ್ರಕಾರ ಕಣದ ಅಗಲ ಹತ್ತು ಪಟ್ಟು ಕಡಿಮೆಯಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. ಹತ್ತು ಸೆಂಟಿಮೀಟರ್ ನೀರಿರುವ ಲೋಟ ತೆಗೆದುಕೊಳ್ಳಿ. 0.1 ಮಿಲಿಮೀಟರಿನ ಮರಳಿನ ಕಣ ಹತ್ತು ಹನ್ನೆರಡು ಸೆಕೆಂಡಿನಲ್ಲಿ ತಳ ಮುಟ್ಟುತ್ತದೆ. ಅದರ ನೂರನೇ ಒಂದು ಪಾಲು ಇರುವ ಜೇಡಿಕಣ, ಅಂದರೆ ಒಂದು ಮೈಕ್ರಾನಿನದು, ಅದೇ ದಾರಿಗೆ ಸುಮಾರು 30 ಗಂಟೆ ತೆಗೆದುಕೊಳ್ಳುತ್ತದೆ. ಇನ್ನೂ ಹತ್ತು ಪಟ್ಟು ಸಣ್ಣದಾದರೆ ಲೆಕ್ಕಕ್ಕೆ ನಾಲ್ಕು ತಿಂಗಳು. ಅಷ್ಟು ದಿನ ನೀರು ಅಲುಗದೆ ಇರಬೇಕಲ್ಲ! ಬಿಸಿಲು ಬಿದ್ದು ಲೋಟದ ಒಂದು ಬದಿ ಸ್ವಲ್ಪ ಬೆಚ್ಚಗಾದರೂ ಸಾಕು, ಒಳಗೆ ನೀರು ಸುತ್ತಾಡಿ ಕಣಗಳನ್ನು ಮತ್ತೆ ಮೇಲಕ್ಕೆ ಹೊತ್ತುಕೊಂಡು ಹೋಗುತ್ತದೆ. ಇದರ ಮೇಲೆ ನೀರಿನ ಅಣುಗಳು ಎಲ್ಲ ಕಡೆಯಿಂದ ಗುದ್ದುತ್ತಲೇ ಇರುತ್ತವೆ. ರಾಬರ್ಟ್ ಬ್ರೌನ್ 1827ರಲ್ಲಿ ಸೂಕ್ಷ್ಮದರ್ಶಕದಲ್ಲಿ ಕಂಡ ಕಣಗಳ ನಡುಕ ಇದೇ.

ಹಾಗಾದರೆ ಇಷ್ಟೊಂದು ಅಲೆದಾಡುವ ಕಣಗಳು ಡಿಕ್ಕಿ ಹೊಡೆದು ಅಂಟಿಕೊಳ್ಳಬೇಕಿತ್ತು ಅಲ್ವಾ? ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಈ ಪ್ರಶ್ನೆಯೇ.

ನೀರಿನಲ್ಲಿ ಜೇಡಿಕಣಗಳ ಮೈಮೇಲೆ ಸಾಮಾನ್ಯವಾಗಿ ಋಣ ವಿದ್ಯುತ್ ಇರುತ್ತದೆ. ನೀರಿನಲ್ಲಿ ಕರಗಿರುವ ಧನ ಅಯಾನುಗಳು, ಅಂದರೆ ಧನ ವಿದ್ಯುತ್ ಹೊತ್ತ ಪರಮಾಣುಗಳು, ಅದರ ಸುತ್ತ ಮೋಡದ ಹಾಗೆ ಕವಿದಿರುತ್ತವೆ. ಎರಡು ಕಣ ಹತ್ತಿರ ಬಂದರೆ ಮೋಡಕ್ಕೆ ಮೋಡ ತಾಗಿ ಹಿಂದಕ್ಕೆ ತಳ್ಳುತ್ತದೆ. ಕಣಗಳ ನಡುವೆ ಸೆಳೆತವೂ ಇದೆ. ಆದರೆ ತೀರಾ ಪಕ್ಕಕ್ಕೆ ಬಂದಾಗಲೇ ಅದರ ಕೈ ಮೇಲಾಗುವುದು. ಅಷ್ಟು ಹತ್ತಿರ ಬರಲು ಈ ಮೋಡ ಬಿಡುವುದಿಲ್ಲ.

ಉಪ್ಪು ಹಾಕಿದರೆ ಮೋಡ ತೆಳ್ಳಗಾಗುತ್ತದೆ. ಕಣಗಳು ಪಕ್ಕಕ್ಕೆ ಬರುತ್ತವೆ, ಅಂಟಿಕೊಳ್ಳುತ್ತವೆ. ಹೊಳೆ ಹೊತ್ತು ತಂದ ಜೇಡಿ ಸಮುದ್ರದ ಉಪ್ಪುನೀರು ಸಿಕ್ಕಿದ ಕೂಡಲೇ ಗೊಂಚಲುಗಟ್ಟಿ ಇಳಿಯಲು ಇದೂ ಒಂದು ಕಾರಣ. ಮೈಕೆಲ್ ಫ್ಯಾರಡೆ 1850ರ ದಶಕದಲ್ಲಿ ಇದನ್ನೇ ಚಿನ್ನದಲ್ಲಿ ನೋಡಿದರು. ಅತಿ ಸಣ್ಣ ಚಿನ್ನದ ಕಣಗಳಿದ್ದ ಮಾಣಿಕ್ಯಗೆಂಪು ನೀರಿಗೆ ಉಪ್ಪು ಹಾಕಿದಾಗ ಅದು ನೀಲಿಗೆ ತಿರುಗಿತು. ಕಣಗಳು ಕೂಡಿಕೊಂಡಿದ್ದಕ್ಕೆ ಬಣ್ಣವೇ ಸಾಕ್ಷಿ.

ಅಡುಗೆ ಉಪ್ಪಿನ ಸೋಡಿಯಂಗೆ ಇರುವುದು ಒಂದೇ ವಿದ್ಯುತ್ ಪಾಲು. ಕ್ಯಾಲ್ಸಿಯಂಗೆ ಎರಡು, ಪಟಿಕದ ಅಲ್ಯೂಮಿನಿಯಂಗೆ ಮೂರು. ವ್ಯತ್ಯಾಸ ಚಿಕ್ಕದು ಅನ್ನಿಸುತ್ತದೆ. ಆದರೆ ಸಿದ್ಧಾಂತದ ಲೆಕ್ಕದಲ್ಲಿ ಕಣಗಳನ್ನು ಕೂಡಿಸಲು ಸೋಡಿಯಂಗಿಂತ ಕ್ಯಾಲ್ಸಿಯಂ 64 ಪಟ್ಟು ಕಡಿಮೆ ಸಾಕು, ಮೂರು ಪಾಲಿನ ಅಯಾನು 729 ಪಟ್ಟು ಕಡಿಮೆ ಸಾಕು! ನೀವು ಹಾಕಿದ ಚೂರು ಅಷ್ಟು ಕೆಲಸ ಮಾಡಲು ಇದು ಒಂದು ಕಾರಣ. ಇನ್ನೊಂದು ಏನೆಂದರೆ, ಪಟಿಕ ನೀರಿನಲ್ಲಿ ಕರಗಿ ಅಂಟಂಟಾದ, ಲೋಳೆಯಂಥ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಅದು ಇಳಿಯುವಾಗ ಬಲೆಯ ಹಾಗೆ ದಾರಿಯಲ್ಲಿ ಸಿಕ್ಕಿದ ಕಣಗಳನ್ನೆಲ್ಲ ಬಾಚಿಕೊಂಡು ಹೋಗುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಗಾಜಿನ ಲೋಟದ ಪಕ್ಕದಿಂದ ಟಾರ್ಚ್ ಬಿಡಿ. ಪಟಿಕದ ಪುಡಿ ಹಾಕಿ ಅರ್ಧ ನಿಮಿಷ ಜೋರಾಗಿ ಕಲಕಿ, ಎಲ್ಲ ಕಡೆ ಹರಡಲಿ. ಆಮೇಲೆ ಚಮಚವನ್ನು ತುಂಬಾ ನಿಧಾನಕ್ಕೆ ಆಡಿಸಿ. ಮೊದಲು ಏನೂ ಕಾಣಲ್ಲ. ಕೆಲವು ನಿಮಿಷದಲ್ಲಿ ಕಂದು ಮಬ್ಬು ಚುಕ್ಕಿ ಚುಕ್ಕಿಯಾಗಿ ಒಡೆಯುತ್ತದೆ. ಚುಕ್ಕಿಗಳು ಹಿಂಜಿದ ಹತ್ತಿಯ ಹಾಗೆ ದಪ್ಪವಾಗುತ್ತವೆ, ನಡುವೆ ತಿಳಿನೀರು ಕಾಣಿಸಿಕೊಳ್ಳುತ್ತದೆ. ಈಗ ಚಮಚ ತೆಗೆದುಬಿಡಿ. ಈ ಹೊತ್ತಿನಲ್ಲಿ ಜೋರಾಗಿ ಕಲಕಿದರೆ ಗೊಂಚಲು ಹರಿದುಹೋಗುತ್ತದೆ. ನೀರು ಶುದ್ಧೀಕರಿಸುವ ಘಟಕಗಳಲ್ಲೂ ಮೊದಲು ಜೋರು, ಆಮೇಲೆ ನಿಧಾನ, ಕೊನೆಗೆ ಸುಮ್ನೆ ಬಿಡುವುದು. ಕ್ರಮ ಇದೇ.

ಒಂದು ಎಚ್ಚರಿಕೆ. ಪಟಿಕ ಜಾಸ್ತಿ ಹಾಕಿದರೆ ಜಾಸ್ತಿ ತಿಳಿಯಾಗುತ್ತದೆ ಅಂದುಕೊಳ್ಳಬೇಡಿ. ಅಳತೆ ಮೀರಿದರೆ ಕಣಗಳ ಮೈಮೇಲೆ ಧನ ವಿದ್ಯುತ್ ಕೂತು, ಅವು ಮತ್ತೆ ಒಂದನ್ನೊಂದು ತಳ್ಳತೊಡಗಬಹುದು. ಹಾಗೆಯೇ, ನೋಡಲು ತಿಳಿಯಾದ ನೀರು ಕುಡಿಯಲು ಸುರಕ್ಷಿತವೆಂದೇನಿಲ್ಲ. ರೋಗಾಣುಗಳು ಉಳಿದಿರುತ್ತವೆ, ಕುದಿಸಲೇಬೇಕು.

ಗೊಂಚಲುಗಟ್ಟುವುದು ಇನ್ನೊಂದು ಕಡೆ ಬೇರೆಯೇ ಉಪಕಾರ ಮಾಡುತ್ತದೆ. ಪುಡಿ ಕಲಸಿದ ದ್ರವ ಔಷಧಿಯಲ್ಲಿ ಕಣಗಳು ಒಂದೊಂದಾಗಿ ಬಿಡಿಬಿಡಿಯಾಗಿ ಇಳಿದರೆ, ಒತ್ತೊತ್ತಾಗಿ ಕೂತು ತಳದಲ್ಲಿ ಗಟ್ಟಿ ಹೆಂಟೆಯಾಗುತ್ತದೆ. ಎಷ್ಟು ಅಲುಗಾಡಿಸಿದರೂ ಅದು ಏಳಲ್ಲ. ಆಗ ಮೊದಲ ಚಮಚದಲ್ಲಿ ಮದ್ದು ಕಡಿಮೆ, ಕೊನೆಯ ಚಮಚದಲ್ಲಿ ವಿಪರೀತ. ಹೀಗಾಗಬಾರದೆಂದು ಅನೇಕ ಔಷಧಿಗಳಲ್ಲಿ ಕಣಗಳು ಸಡಿಲವಾಗಿ ಗೊಂಚಲುಗಟ್ಟುವಂತೆ ಬೇಕಂತಲೇ ಮಾಡುತ್ತಾರೆ. ಗೊಂಚಲು ಬೇಗ ಇಳಿಯುತ್ತದೆ ನಿಜ. ಆದರೆ ಅದರೊಳಗೆ ನೀರೇ ತುಂಬಿರುವುದರಿಂದ ಗಸಿ ಮೆತ್ತಗಿರುತ್ತದೆ, ಬಾಟಲಿ ನಾಲ್ಕು ಸಲ ಅಲುಗಾಡಿಸಿದರೆ ಎಲ್ಲ ಮೇಲೆದ್ದು ಸಮವಾಗಿ ಬೆರೆಯುತ್ತದೆ.